ಸೋಲಾಪುರದ ಹುಡುಗ, ಚೀನಾದ ಡಾಕ್ಟರ್

ಇವತ್ತಿನ ಕಥೆ ಶುರುವಾಗೋದು ಸೋಲಾಪುರದಲ್ಲಿ. ನಮ್ಮ ವಿಜಯಪುರದಿಂದ ಹೆಚ್ಚುಕಮ್ಮಿ ನೂರು ಕಿಲೋಮೀಟರ್. ಅಲ್ಲಿನ ಬೀದಿಗಳಲ್ಲಿ ಈಗಲೂ ಕನ್ನಡ ಕಿವಿಗೆ ಬೀಳುತ್ತೆ. 1910ರಲ್ಲಿ ಅಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ನಿಸ್ ಮುಂಬೈಯಲ್ಲಿ ಡಾಕ್ಟರಿಕೆ ಓದಿ, ಇನ್ನೂ ಮುಂದೆ ಓದೋಕೆ ತಯಾರಾಗ್ತಿದ್ದರು. ವಯಸ್ಸು 27. ನನ್ನ ವಯಸ್ಸೇ ಅನ್ನಿ.

1937ರಲ್ಲಿ ಜಪಾನ್ ಚೀನಾದ ಮೇಲೆ ಯುದ್ಧಕ್ಕೆ ಹೋಯಿತು. ಚೀನಾದ ಸೇನಾನಿ ಝು ದೆ ನೆಹರೂಗೆ ಪತ್ರ ಬರೆದು, ಡಾಕ್ಟರ್‌ಗಳನ್ನು ಕಳಿಸಿ ಅಂತ ಕೇಳಿದರು. 1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸ್ ಜನರ ಮುಂದೆ ಕೈಚಾಚಿದರು. ನಾನು ಬಿ.ಕಾಂ. ಹುಡುಗ, ಮೊದಲು ಲೆಕ್ಕವನ್ನೇ ನೋಡೋದು: ಕೂಡಿದ್ದು 22 ಸಾವಿರ ರೂಪಾಯಿ, ಜೊತೆಗೊಂದು ಆಂಬುಲೆನ್ಸ್. ಕೊಟ್ಟವರು ತಾವೇ ಬೇರೆಯವರ ಆಳ್ವಿಕೆಯಲ್ಲಿದ್ದ ಜನ!

ದುಡ್ಡಿಗಿಂತ ಪಾಸ್‌ಪೋರ್ಟೇ ಕಷ್ಟ. ಅದನ್ನು ಕೊಡಬೇಕಾದವರು ಬ್ರಿಟಿಷರು. ಕಲ್ಕತ್ತೆಯ ಡಾ. ರಣೇನ್ ಸೇನ್ ತಂಡಕ್ಕೆ ಆಯ್ಕೆಯಾಗಿದ್ದರೂ ಕಮ್ಯುನಿಸ್ಟ್ ಅನ್ನೋ ಕಾರಣಕ್ಕೆ ಅವರಿಗೆ ಪಾಸ್‌ಪೋರ್ಟ್ ಸಿಗಲಿಲ್ಲ. ಆ ಜಾಗಕ್ಕೆ ಬಂದವರು ಬಿಜಯ್ ಬಸು. ಸೇನ್ ಬಗ್ಗೆ ಯಾರೂ ಸಿನಿಮಾ ಮಾಡಲಿಲ್ಲ. ನನಗಂತೂ ಅವರ ನೆನಪೇ ಜಾಸ್ತಿ ಕಾಡುತ್ತೆ.

ತಂಡದ ಮುಖ್ಯಸ್ಥ ಅಟಲ್ ಅದಾಗಲೇ ಸ್ಪೇನ್ ಯುದ್ಧದಲ್ಲಿ ಗಾಯಾಳುಗಳನ್ನು ನೋಡಿಕೊಂಡು ಬಂದವರು. ನಾಗಪುರದ ಚೋಲ್ಕರ್‌ಗೆ ಐವತ್ತು ದಾಟಿತ್ತು. ಇನ್ನೊಬ್ಬರು ದೇವೇಶ್ ಮುಖರ್ಜಿ. 1938ರ ಸೆಪ್ಟೆಂಬರ್ 1ರಂದು ಐವರೂ ಮುಂಬೈಯಲ್ಲಿ ಹಡಗು ಹತ್ತಿದರು. ಚೀನಾದಲ್ಲಿ ಎಲ್ಲರ ಹೆಸರಿನ ಕೊನೆಗೂ 'ಹುವಾ' ಸೇರಿತು. ಹುವಾ ಅಂದ್ರೆ ಚೀನಾ. ಕೋಟ್ನಿಸ್ ಅಲ್ಲಿ ಕೆ ದಿಹುವಾ ಆದರು.

1939ರಲ್ಲಿ ತಂಡ ಯಾನಾನ್ ತಲುಪಿತು. ಊರಿಂದ ಅಪ್ಪ ತೀರಿಕೊಂಡ ಸುದ್ದಿ ಬಂದಾಗಲೂ ಕೋಟ್ನಿಸ್ ವಾಪಸ್ ಹೊರಡಲಿಲ್ಲ. ಇದು ಸರಿಯಾ ಅಂತ ನಾನು ತುಂಬಾ ಯೋಚಿಸಿದ್ದೀನಿ. ಅಮ್ಮನ ಕಡೆಯಿಂದ ನೋಡಿದರೆ ಉತ್ತರ ಸುಲಭವಲ್ಲ. ಉಳಿದವರು ಒಬ್ಬೊಬ್ಬರಾಗಿ ಮರಳಿದರು. ಇವರು ಚೀನೀ ಭಾಷೆ ಕಲಿತರು, 1941ರಲ್ಲಿ ಬೆಥೂನ್ ಹೆಸರಿನ ಆಸ್ಪತ್ರೆಯ ಮುಖ್ಯಸ್ಥರಾದರು, ಅಲ್ಲಿನ ನರ್ಸ್ ಗುವೊ ಚಿಂಗ್ಲಾನ್‌ರನ್ನು ಮದುವೆಯಾದರು.

ಈ ನಡುವೆ ಅವರಿಗೆ ಮೂರ್ಛೆರೋಗ ಶುರುವಾಗಿತ್ತು. 1942ರ ಡಿಸೆಂಬರ್ 9ರಂದು ಅದೇ ಅವರನ್ನು ತೆಗೆದುಕೊಂಡು ಹೋಯಿತು. ಮಗನ ಹೆಸರು ಯಿನ್‌ಹುವಾ. ಯಿನ್ ಅಂದ್ರೆ ಭಾರತ. ಮಗುವಿಗೆ ಆಗ ನಾಲ್ಕು ತಿಂಗಳೂ ತುಂಬಿರಲಿಲ್ಲ.