ವೈಟ್‌ಫೀಲ್ಡ್

ವೈಟ್‌ಫೀಲ್ಡ್: ಬೆಂಗಳೂರಿನ ಪೂರ್ವ ಅಂಚಿನ ಬಡಾವಣೆ. 1882ರಲ್ಲಿ ಆಂಗ್ಲೋ-ಇಂಡಿಯನ್ನರ ಕೃಷಿ ವಸಾಹತಾಗಿ ಆರಂಭವಾಯಿತು. ಶತಮಾನಕ್ಕೂ ಹೆಚ್ಚು ಕಾಲ ಸಣ್ಣ ಹಳ್ಳಿಯಾಗಿಯೇ ಇದ್ದು, ಈಗ ಮಾಹಿತಿ ತಂತ್ರಜ್ಞಾನ ಉದ್ಯಮದ ಕೇಂದ್ರವಾಗಿದೆ.

ಈ ಊರಿಗಿಂತ ಮೊದಲೇ ಇಲ್ಲಿಗೆ ರೈಲು ಬಂದಿತ್ತು. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಮದ್ರಾಸ್ ರೈಲ್ವೆ ಕಂಪನಿ ಹಾಕಿದ ಬ್ರಾಡ್‌ಗೇಜ್ ಮಾರ್ಗ 1864ರಲ್ಲಿ ತೆರೆಯಿತು. ಅದು ಹಾದುಹೋಗುವ ಕಾಡುಗೋಡಿ ಬಹಳ ಹಳೆಯ ಊರು. ಅಲ್ಲಿ 11ನೇ ಶತಮಾನದ, ಚೋಳರ ಕಾಲದ ಶಾಸನವಿದೆ.

ಹತ್ತೊಂಬತ್ತನೇ ಶತಮಾನದಲ್ಲಿ ಆಂಗ್ಲೋ-ಇಂಡಿಯನ್ನರಲ್ಲಿ ಬಹುಮಂದಿ ರೈಲ್ವೆ, ತಂತಿ, ಸುಂಕದಂಥ ಇಲಾಖೆಗಳ ನೌಕರಿಯನ್ನೇ ನಂಬಿದ್ದರು. ಸ್ವಂತ ನೆಲವಿಲ್ಲದ ಸಮುದಾಯ ನೆಲೆ ನಿಲ್ಲದು ಎಂದು ಅವರ ನಾಯಕ ಡಿ. ಎಸ್. ವೈಟ್ ಭಾವಿಸಿದರು. ಅವರ ಪ್ರಯತ್ನದಿಂದ, ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜ ಒಡೆಯರು 1882ರಲ್ಲಿ ಯೂರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಜಮೀನು ನೀಡಿದರು. ಊರಿಗೆ ವೈಟ್ ಅವರ ಹೆಸರೇ ಬಂತು. ನಡುವೆ ಬಯಲು, ಅದರ ಸುತ್ತ ವೃತ್ತಾಕಾರದ ಬೀದಿಗಳು, ಬೀದಿಯಂಚಿಗೆ ವಿಶಾಲ ತೋಟಗಳ ಹೆಂಚಿನ ಮನೆಗಳು: ಇದು ಊರಿನ ವಿನ್ಯಾಸ. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ಹೆಸರುಗಳು ಈಗಲೂ ಬಳಕೆಯಲ್ಲಿವೆ. ವೈಟ್ 1889ರಲ್ಲಿ ತೀರಿಕೊಂಡರು.

ಊರಿನಿಂದ ಎರಡು ಮೈಲಿಯಷ್ಟು ದೂರದ ಕಾಡುಗೋಡಿಯ ರೈಲು ನಿಲ್ದಾಣವೇ ನಿವಾಸಿಗಳಿಗೆ ದಂಡಿನ ಪೇಟೆ, ಶಾಲೆ, ಆಸ್ಪತ್ರೆಗಳ ದಾರಿಯಾಯಿತು; ಆ ನಿಲ್ದಾಣಕ್ಕೂ ವೈಟ್‌ಫೀಲ್ಡ್ ಎಂಬ ಹೆಸರೇ ನಿಂತಿತು. ಆಂಗ್ಲೋ-ಇಂಡಿಯನ್ನರಿಗೆ ಸ್ವಂತ ನೆಲವೆಂಬ ಇಂಥದೇ ಕನಸಿನಿಂದ 1933ರಲ್ಲಿ ಇಂದಿನ ಜಾರ್ಖಂಡಿನಲ್ಲಿ ಮೆಕ್‌ಕ್ಲಸ್ಕಿಗಂಜ್ ಹುಟ್ಟಿತು. ಎರಡೂ ಕಡೆ ಹೊಸ ತಲೆಮಾರು ಕೆಲಸ ಹುಡುಕಿ ಊರು ಬಿಟ್ಟಿತು.

1990ರ ದಶಕದಲ್ಲಿ ಭಾರತ-ಸಿಂಗಪುರ ಸಹಭಾಗಿತ್ವದ ಐಟಿಪಿಎಲ್ ತಂತ್ರಜ್ಞಾನ ಪಾರ್ಕ್ ಬಂದು ಹೊಲಗಳ ಸ್ವರೂಪ ಬದಲಾಯಿತು. ನಿಲ್ದಾಣದ ಬಳಿಯ ಕಂಟೇನರ್ ಡಿಪೊ ಸರಕು ಸಾಗಣೆಯ ದೊಡ್ಡ ನೆಲೆಯಾಯಿತು. 2007ರಲ್ಲಿ ಈ ಪ್ರದೇಶ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. 2023ರ ಮಾರ್ಚ್ 25ರಂದು ವೈಟ್‌ಫೀಲ್ಡ್ (ಕಾಡುಗೋಡಿ) ಮೆಟ್ರೊ ನಿಲ್ದಾಣ ಉದ್ಘಾಟನೆಯಾಯಿತು; ಅದೇ ವರ್ಷದ ಅಕ್ಟೋಬರ್ 9ರಿಂದ ನೇರಳೆ ಮಾರ್ಗ ನಗರದ ನಡುಭಾಗದವರೆಗೆ ಅಖಂಡವಾಗಿ ಕೂಡಿಕೊಂಡಿತು.

ಹಳೆಯ ಬಂಗಲೆಗಳಲ್ಲಿ ಹೆಚ್ಚಿನವು ಬಹುಮಹಡಿ ಕಟ್ಟಡಗಳಿಗೆ ಜಾಗ ಬಿಟ್ಟಿವೆ. 1880ರ ದಶಕದ ಮೆಮೋರಿಯಲ್ ಚರ್ಚು ಮತ್ತು ವೃತ್ತಾಕಾರದ ಬೀದಿಗಳು ಮೂಲ ವಸಾಹತಿನ ಕುರುಹುಗಳಾಗಿ ಉಳಿದಿದ್ದು, ಅವು ಸಂರಕ್ಷಣೆಗೆ ಅರ್ಹವಾಗಿವೆ.