ಯೋಧ-ಮಾಂತ್ರಿಕ (ವಿಡಿಯೋ ಗೇಮ್ ಪಾತ್ರ)

ಯೋಧ-ಮಾಂತ್ರಿಕ ಎಂಬುದು ಕಲ್ಪನಾಲೋಕದ ಕಥೆಯುಳ್ಳ ರೋಲ್-ಪ್ಲೇಯಿಂಗ್ ವಿಡಿಯೋ ಗೇಮ್‌ಗಳಲ್ಲಿ ಆಯುಧ ಮತ್ತು ಮಂತ್ರ ಎರಡನ್ನೂ ಬಳಸಿ ಹೋರಾಡುವ ಮಿಶ್ರ ಪಾತ್ರವಾಗಿದೆ. ಈ ಬಗೆಯ ಆಟಗಳಲ್ಲಿ ಆಟಗಾರರು ಒಂದು ಪಾತ್ರವನ್ನು ಆರಿಸಿಕೊಂಡು, ಆಟ ಮುಂದುವರಿದಂತೆ ದೊರೆಯುವ ಅಂಕಗಳನ್ನು ಅದರ ಬಲ, ಚುರುಕುತನ, ಬುದ್ಧಿ ಮೊದಲಾದ ಗುಣಗಳಿಗೆ ಹಂಚುತ್ತಾ ಅದನ್ನು ಬೆಳೆಸುತ್ತಾರೆ. ಹೀಗೆ ಬೆಳೆಸಿದ ಪಾತ್ರದ ಒಟ್ಟು ವಿನ್ಯಾಸವನ್ನು ‘ಬಿಲ್ಡ್’ ಎಂದು ಕರೆಯುವುದು ರೂಢಿ. ಸ್ಪೆಲ್‌ಸ್ವೋರ್ಡ್, ಬ್ಯಾಟಲ್‌ಮೇಜ್, ರೆಡ್ ಮೇಜ್, ಎಲ್ಡ್ರಿಚ್ ನೈಟ್ ಮುಂತಾದವು ಬೇರೆ ಬೇರೆ ಆಟಗಳಲ್ಲಿ ಈ ಪಾತ್ರಕ್ಕಿರುವ ಹೆಸರುಗಳು. ಅಂಕಗಳು ಮಿತವಾಗಿರುವುದರಿಂದ ಎರಡು ವಿದ್ಯೆಗಳನ್ನು ಕಲಿಯಹೊರಟ ಪಾತ್ರವು ಒಂದರಲ್ಲಿಯೂ ಪರಿಣತಿ ಪಡೆಯದೆ ಉಳಿಯುವ ಅಪಾಯವಿದೆ. ಆದುದರಿಂದ ಇದರ ಯಶಸ್ಸು ಒಂದು ವಿದ್ಯೆ ಇನ್ನೊಂದಕ್ಕೆ ಎಷ್ಟು ನೆರವಾಗುತ್ತದೆ ಎಂಬುದನ್ನು ಅವಲಂಬಿಸಿದೆ.

ಇತಿಹಾಸ

ಈ ಪಾತ್ರದ ಮೂಲ ಕಂಪ್ಯೂಟರಿನಲ್ಲಿಲ್ಲ. ಕಾಗದ ಮತ್ತು ದಾಳಗಳ ಆಟದಲ್ಲಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅಮೆರಿಕದಲ್ಲಿ 1974ರಲ್ಲಿ ಪ್ರಕಟವಾಯಿತು. ಅದರಲ್ಲಿ ಯೋಧ, ಮಾಂತ್ರಿಕ ಮತ್ತು ಪುರೋಹಿತ ಎಂಬ ಮೂರು ವರ್ಗಗಳಿದ್ದವು. ಮಾಂತ್ರಿಕನಿಗೆ ಕವಚ ಧರಿಸುವ ಅವಕಾಶವಿರಲಿಲ್ಲ. ಆಯುಧವೆಂದರೆ ಕಠಾರಿ ಮಾತ್ರ. ಎಲ್ಫ್ ಎಂಬ ಕಲ್ಪಿತ ಕುಲದ ಪಾತ್ರಗಳಿಗೆ ಮಾತ್ರ ಯೋಧನಾಗಿಯೂ ಮಾಂತ್ರಿಕನಾಗಿಯೂ ಬೆಳೆಯುವ ಸವಲತ್ತು ಇತ್ತು. 1978ರ ಪರಿಷ್ಕೃತ ಆಟಗಾರರ ಕೈಪಿಡಿಯು ಬಹುವರ್ಗ ಪದ್ಧತಿಯನ್ನು ವಿವರವಾದ ನಿಯಮಗಳೊಂದಿಗೆ ನಿರೂಪಿಸಿತು. ಅದರಂತೆ ಗಳಿಸಿದ ಅನುಭವಾಂಕಗಳು ವರ್ಗಗಳ ನಡುವೆ ಸಮನಾಗಿ ಹಂಚಿಹೋಗುತ್ತಿದ್ದವು.

ಜಪಾನಿನಲ್ಲಿ 1987ರಲ್ಲಿ ಬಿಡುಗಡೆಯಾದ ‘ಫೈನಲ್ ಫ್ಯಾಂಟಸಿ’ಯ ರೆಡ್ ಮೇಜ್ ಕತ್ತಿ ಹಿಡಿಯಬಲ್ಲ, ಗುಣಪಡಿಸುವ ಮತ್ತು ನಾಶಮಾಡುವ ಎರಡೂ ಬಗೆಯ ಮಂತ್ರಗಳನ್ನು ಬಲ್ಲ, ಆದರೆ ಅತ್ಯುನ್ನತ ಮಂತ್ರಗಳು ಅವನಿಗೆ ದಕ್ಕುವುದಿಲ್ಲ. 1994ರ ‘ದಿ ಎಲ್ಡರ್ ಸ್ಕ್ರಾಲ್ಸ್: ಅರೀನಾ’ದಲ್ಲಿ ಸ್ಪೆಲ್‌ಸ್ವೋರ್ಡ್ ಮತ್ತು ಬ್ಯಾಟಲ್‌ಮೇಜ್ ಪ್ರತ್ಯೇಕ ವರ್ಗಗಳಾಗಿ ಕಾಣಿಸಿಕೊಂಡವು. ಇದೇ ಸರಣಿಯ ‘ಸ್ಕೈರಿಮ್’ (2011) ವರ್ಗಗಳನ್ನೇ ಕೈಬಿಟ್ಟು, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಮಂತ್ರ ಹಿಡಿಯುವ ವ್ಯವಸ್ಥೆಯನ್ನು ತಂದಿತು.

ಮಿಶ್ರಣಕ್ಕೆ ತೆರಬೇಕಾದ ಬೆಲೆ

ಎರಡು ವಿದ್ಯೆಗಳನ್ನು ಉಚಿತವಾಗಿ ಕೊಟ್ಟರೆ ಉಳಿದ ಪಾತ್ರಗಳಿಗೆ ಅರ್ಥವಿರುವುದಿಲ್ಲ. ಆದ್ದರಿಂದ ಆಟದ ನಿರ್ಮಾತೃಗಳು ಮಿಶ್ರಣಕ್ಕೆ ಒಂದಲ್ಲ ಒಂದು ಬಗೆಯಲ್ಲಿ ಬೆಲೆ ವಿಧಿಸುತ್ತಾರೆ. ಅವುಗಳಲ್ಲಿ ನಾಲ್ಕು ಬಗೆಗಳು ಮುಖ್ಯವಾದವು.

1. ಬೆಳವಣಿಗೆಯ ಬೆಲೆ: ಅಂಕಗಳು ಎರಡು ಕಡೆಗೆ ಹಂಚಿಹೋಗಿ, ಎರಡೂ ವಿದ್ಯೆಗಳು ನಿಧಾನವಾಗಿ ಬೆಳೆಯುತ್ತವೆ.
2. ಕವಚದ ಬೆಲೆ: ಲೋಹದ ಕವಚ ತೊಟ್ಟರೆ ಮಂತ್ರದ ಶಕ್ತಿ ಕುಗ್ಗುತ್ತದೆ ಅಥವಾ ಮಂತ್ರ ವಿಫಲವಾಗುತ್ತದೆ. 2006ರ ‘ಆಬ್ಲಿವಿಯನ್’ ಆಟದಲ್ಲಿ ಕವಚ ಧರಿಸಿದವರ ಮಂತ್ರಗಳು ದುರ್ಬಲಗೊಳ್ಳುತ್ತವೆ. ‘ಸ್ಕೈರಿಮ್’ನಲ್ಲಿ ಈ ನಿಯಮವಿಲ್ಲ.
3. ಸಮಯದ ಬೆಲೆ: ಒಂದು ಸರದಿಯಲ್ಲಿ ಒಂದೇ ಕ್ರಿಯೆಗೆ ಅವಕಾಶವಿದ್ದರೆ, ಮಂತ್ರ ಪಠಿಸಿದವರು ಆ ಸರದಿಯಲ್ಲಿ ಕತ್ತಿ ಬೀಸಲಾರರು.
4. ಶಕ್ತಿಯ ಬೆಲೆ: ಆಯುಧಕ್ಕೆ ದೇಹಬಲ, ಮಂತ್ರಕ್ಕೆ ಮಂತ್ರಶಕ್ತಿ ಎಂಬ ಎರಡು ಬೇರೆ ಭಂಡಾರಗಳನ್ನು ತುಂಬಿಸಿಕೊಳ್ಳಬೇಕಾಗುತ್ತದೆ.

ತಾವು ಆಡುತ್ತಿರುವ ಆಟ ಈ ನಾಲ್ಕರಲ್ಲಿ ಯಾವ ಬೆಲೆಯನ್ನು ಕೇಳುತ್ತದೆ, ಯಾವುದನ್ನು ಮನ್ನಾ ಮಾಡುತ್ತದೆ ಎಂಬುದನ್ನು ಅರಿಯುವುದೇ ಪಾತ್ರ ರೂಪಿಸುವುದರ ಮೊದಲ ಹೆಜ್ಜೆ.

ಪಾತ್ರವನ್ನು ರೂಪಿಸುವ ಕ್ರಮ

ಮೊದಲು ಒಂದು ವಿದ್ಯೆಯನ್ನು ಪ್ರಧಾನವೆಂದು, ಇನ್ನೊಂದನ್ನು ಸಹಾಯಕವೆಂದು ನಿರ್ಧರಿಸಬೇಕು. ಕತ್ತಿ ಪ್ರಧಾನವಾದರೆ ರಕ್ಷಣೆ, ಸ್ಥಳಾಂತರ, ಚಿಕಿತ್ಸೆ ಇಂಥ ಮಂತ್ರಗಳು ಸಾಕು. ಇವುಗಳ ಫಲವು ಬಹುಮಟ್ಟಿಗೆ ಮಂತ್ರಗಾರನ ಬುದ್ಧಿಯ ಅಂಕವನ್ನು ಅವಲಂಬಿಸುವುದಿಲ್ಲ. ಮಂತ್ರ ಪ್ರಧಾನವಾದರೆ ಕವಚ ಮತ್ತು ಗುರಾಣಿಗಳು ಮಂತ್ರ ಪಠಿಸುವಷ್ಟು ಕಾಲ ಪಾತ್ರವನ್ನು ಜೀವಂತವಾಗಿ ಉಳಿಸುವ ಸಾಧನಗಳಾಗುತ್ತವೆ.

ಎರಡನೆಯದಾಗಿ, ಎರಡು ವಿದ್ಯೆಗಳನ್ನು ಬೆಸೆಯುವ ಕೊಂಡಿಯನ್ನು ಹುಡುಕಬೇಕು. ಬುದ್ಧಿಯ ಅಂಕದಿಂದ ಹರಿತಗೊಳ್ಳುವ ಕತ್ತಿ, ಮಂತ್ರದಿಂದ ಸೃಷ್ಟಿಯಾಗುವ ಆಯುಧ, ಮಂತ್ರ ಪಠಿಸಿದ ಮೇಲೂ ಒಂದು ಏಟು ಕೊಡಲು ಬಿಡುವ ನಿಯಮ – ಇವು ಅಂಥ ಕೊಂಡಿಗಳು. ಕೊಂಡಿ ಸಿಕ್ಕಿದಾಗ ಒಂದೇ ಅಂಕ ಎರಡು ಕೆಲಸ ಮಾಡುತ್ತದೆ.

ಮೂರನೆಯದಾಗಿ, ಆಯುಧಗಳ ಮತ್ತು ಮಂತ್ರಗಳ ಸಂಖ್ಯೆಯನ್ನು ಮಿತಗೊಳಿಸಬೇಕು. ಒಂದು ಬಗೆಯ ಆಯುಧ ಮತ್ತು ಒಂದೆರಡು ಬಗೆಯ ಮಂತ್ರಗಳು ಆರಂಭಕ್ಕೆ ಸಾಕಾಗುತ್ತವೆ.

ಕೆಲವು ಆಟಗಳಲ್ಲಿನ ಉದಾಹರಣೆಗಳು

ಸ್ಕೈರಿಮ್: ಇದರಲ್ಲಿ 18 ಕೌಶಲಗಳಿವೆ. ಪ್ರತಿ ಲೆವೆಲ್ ಏರಿದಾಗ ಹೆಲ್ತ್, ಮ್ಯಾಜಿಕಾ, ಸ್ಟ್ಯಾಮಿನಾ ಇವುಗಳಲ್ಲಿ ಒಂದನ್ನು 10 ಅಂಕಗಳಷ್ಟು ಹೆಚ್ಚಿಸಿಕೊಳ್ಳಬಹುದು. ಕಾಂಜುರೇಷನ್ ವಿಭಾಗದ ಬೌಂಡ್ ಸ್ವೋರ್ಡ್ ಎಂಬ ಮಂತ್ರವು ತೂಕವಿಲ್ಲದ ಕತ್ತಿಯನ್ನು ಕೈಗೆ ತರುತ್ತದೆ. ಅದರ ಹೊಡೆತವು ಒಂಟಿಗೈ ಆಯುಧದ ಕೌಶಲದಿಂದಲೇ ಬೆಳೆಯುತ್ತದೆ. ಹೀಗೆ ಅದು ಎರಡು ವಿದ್ಯೆಗಳ ಸಹಜ ಕೊಂಡಿಯಾಗಿದೆ. ನಾಶಕ ಮಂತ್ರಗಳ ಕೌಶಲ ಹೆಚ್ಚಿದರೆ ಅವುಗಳ ಖರ್ಚು ಇಳಿಯುತ್ತದೆಯೇ ಹೊರತು ಪೆಟ್ಟು ತಾನಾಗಿ ಏರುವುದಿಲ್ಲ. ಈ ಕಾರಣದಿಂದ ಆಟದ ಉತ್ತರಾರ್ಧದಲ್ಲಿ ಕತ್ತಿಯನ್ನೇ ಮುಖ್ಯವಾಗಿ ನೆಚ್ಚಿ, ಮಂತ್ರವನ್ನು ಸಹಾಯಕ್ಕೆ ಇಟ್ಟುಕೊಳ್ಳುವುದು ಲಾಭಕರ.

ಎಲ್ಡನ್ ರಿಂಗ್ (2022): ಇದರಲ್ಲಿ ಎಂಟು ಗುಣಗಳಿದ್ದು, ಪ್ರತಿ ಲೆವೆಲ್‌ಗೆ ಒಂದೇ ಅಂಕ ಲಭಿಸುತ್ತದೆ. ಚುರುಕುತನ ಮತ್ತು ಬುದ್ಧಿ ಎರಡರಲ್ಲೂ 14 ಅಂಕಗಳಿಂದ ಆರಂಭವಾಗುವ ಪ್ರಿಸನರ್ ಈ ಬಗೆಯ ಪಾತ್ರಕ್ಕೆ ತಕ್ಕ ಆಯ್ಕೆ. ಮೂನ್‌ವೇಲ್ ಎಂಬ ಕತ್ತಿಯನ್ನು ಸರಿಯಾಗಿ ಬಳಸಲು ಬಲ 12, ಚುರುಕುತನ 18, ಬುದ್ಧಿ 23 ಬೇಕು. ಬುದ್ಧಿ ಹೆಚ್ಚಿದಂತೆ ಮಂತ್ರವೂ ಕತ್ತಿಯೂ ಬಲಗೊಳ್ಳುತ್ತವೆ. ಇಲ್ಲಿಯ ಬೆಲೆ ಔಷಧದ ಕುಪ್ಪಿಗಳಲ್ಲಿದೆ. ಹೆಚ್ಚೆಂದರೆ 14 ಕುಪ್ಪಿಗಳನ್ನು ಪ್ರಾಣಶಕ್ತಿ ಮತ್ತು ಮಂತ್ರಶಕ್ತಿಗಳಿಗೆ ಹಂಚಿಕೊಳ್ಳಬೇಕು. ಮಂತ್ರಕ್ಕೆ ಕೊಟ್ಟ ಪ್ರತಿ ಕುಪ್ಪಿಯೂ ಗಾಯ ಮಾಯಿಸಲು ಸಿಗದ ಕುಪ್ಪಿಯಾಗುತ್ತದೆ.

ಬಾಲ್ಡರ್ಸ್ ಗೇಟ್ 3 (2023): ಇದರ ಗರಿಷ್ಠ ಲೆವೆಲ್ 12. ಯೋಧ ವರ್ಗದ 5ನೇ ಲೆವೆಲ್‌ನಲ್ಲಿ ಒಂದೇ ಕ್ರಿಯೆಯಲ್ಲಿ ಎರಡು ಏಟು ಕೊಡುವ ಸಾಮರ್ಥ್ಯ ಬರುತ್ತದೆ. ಉಳಿದ 7 ಲೆವೆಲ್‌ಗಳನ್ನು ಮಾಂತ್ರಿಕ ವರ್ಗಕ್ಕೆ ಕೊಟ್ಟರೆ ನಾಲ್ಕನೆಯ ದರ್ಜೆಯ ಮಂತ್ರಗಳವರೆಗೆ ಕಲಿಯಬಹುದು. ಶುದ್ಧ ಮಾಂತ್ರಿಕರಿಗೆ 11ನೇ ಲೆವೆಲ್‌ನಲ್ಲಿ ದೊರೆಯುವ ಆರನೆಯ ದರ್ಜೆಯ ಮಂತ್ರಗಳು ತಪ್ಪಿಹೋಗುತ್ತವೆ. ಯೋಧ ವರ್ಗದಲ್ಲೇ ಉಳಿಯಬಯಸುವವರಿಗೆ ಎಲ್ಡ್ರಿಚ್ ನೈಟ್ ಎಂಬ ಉಪವರ್ಗವಿದೆ. ಅದರಲ್ಲಿ 7ನೇ ಲೆವೆಲ್‌ನಿಂದ ಸಣ್ಣ ಮಂತ್ರವೊಂದನ್ನು ಪ್ರಯೋಗಿಸಿದ ಸರದಿಯಲ್ಲಿಯೇ ಒಂದು ಏಟನ್ನೂ ಕೊಡಬಹುದು.

ಸಾಮಾನ್ಯ ದೋಷಗಳು

ಹೊಸ ಆಟಗಾರರು ಎಲ್ಲ ಗುಣಗಳಿಗೂ ಸಮನಾಗಿ ಅಂಕ ಹಂಚುವುದು ಹೆಚ್ಚಾಗಿ ಕಂಡುಬರುವ ದೋಷ. ‘ಸ್ಕೈರಿಮ್’ನಂತಹ ಆಟಗಳಲ್ಲಿ ಪಾತ್ರದ ಲೆವೆಲ್ ಏರಿದಂತೆ ಶತ್ರುಗಳೂ ಬಲಿಷ್ಠರಾಗುತ್ತಾರೆ. ಹೋರಾಟಕ್ಕೆ ನೆರವಾಗದ ಕೌಶಲಗಳಿಂದ ಲೆವೆಲ್ ಏರಿಸಿಕೊಂಡವರು ತಾವು ಬೆಳೆದೆವೆಂದುಕೊಂಡರೂ ಯುದ್ಧದಲ್ಲಿ ಹಿಂದೆ ಬೀಳುತ್ತಾರೆ. ಪ್ರಾಣಶಕ್ತಿಯನ್ನು ಕಡೆಗಣಿಸುವುದು ಮತ್ತೊಂದು ದೋಷ. ಶತ್ರುವಿನ ಹತ್ತಿರ ನಿಂತು ಹೋರಾಡುವ ಮಾಂತ್ರಿಕನಿಗೆ, ದೂರ ನಿಲ್ಲುವ ಮಾಂತ್ರಿಕನಿಗಿಂತ ಹೆಚ್ಚಿನ ತಾಳಿಕೆ ಬೇಕಾಗುತ್ತದೆ.

ಭಾರತೀಯ ಸಾಹಿತ್ಯ ಮತ್ತು ಕರ್ನಾಟಕದ ಇತಿಹಾಸದಲ್ಲಿ ಸಮಾನ ಕಲ್ಪನೆಗಳು

ಮಂತ್ರ ಮತ್ತು ಆಯುಧಗಳ ಸಂಯೋಗ ಭಾರತೀಯ ಓದುಗರಿಗೆ ಹೊಸದಲ್ಲ. ಮಹಾಭಾರತದ ಅಸ್ತ್ರಗಳು ಮಂತ್ರಪೂರ್ವಕವಾಗಿ ಪ್ರಯೋಗಿಸುವಂಥವು. ಪರಶುರಾಮ, ದ್ರೋಣ, ಅಶ್ವತ್ಥಾಮರು ವೇದವನ್ನೂ ಬಿಲ್ವಿದ್ಯೆಯನ್ನೂ ಬಲ್ಲವರು. ಅಲ್ಲಿಯೂ ಶಕ್ತಿಗೆ ಬೆಲೆಯಿದೆ. ಇಂದ್ರನಿತ್ತ ಶಕ್ತ್ಯಾಯುಧವನ್ನು ಕರ್ಣ ಒಮ್ಮೆ ಮಾತ್ರ ಪ್ರಯೋಗಿಸಬಹುದಾಗಿತ್ತು. ಅದು ಘಟೋತ್ಕಚನ ಮೇಲೆ ವ್ಯಯವಾಯಿತು. ಪರಶುರಾಮನ ಶಾಪದಿಂದ ಬ್ರಹ್ಮಾಸ್ತ್ರದ ಮಂತ್ರ ಅವನಿಗೆ ಸಕಾಲದಲ್ಲಿ ನೆನಪಾಗಲಿಲ್ಲ. ಅಶ್ವತ್ಥಾಮನಿಗೆ ಅಸ್ತ್ರವನ್ನು ಬಿಡಲು ತಿಳಿದಿತ್ತು, ಹಿಂತೆಗೆಯಲು ಬರಲಿಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆ 2020ರಲ್ಲಿ ಹೊರತಂದ ‘ರಾಜಿ: ಆ್ಯನ್ ಏನ್ಷಂಟ್ ಎಪಿಕ್’ ಆಟದ ನಾಯಕಿ ದೇವತೆಗಳಿಂದ ಆಯುಧಗಳನ್ನು ಪಡೆದು ಹೋರಾಡುತ್ತಾಳೆ. ಆದರೆ ಅದು ಸಾಹಸ ಆಟವಾಗಿದ್ದು, ಅಂಕಗಳನ್ನು ಹಂಚಿ ಪಾತ್ರ ಬೆಳೆಸುವ ಪೂರ್ಣ ಪ್ರಮಾಣದ ಆರ್‌ಪಿಜಿ ಅಲ್ಲ.

ಕರ್ನಾಟಕದ ಇತಿಹಾಸದಲ್ಲಿ ಈ ಪಾತ್ರಕ್ಕೆ ಸಮೀಪವಾಗಿ ನಿಲ್ಲುವವನು ಕದಂಬ ವಂಶದ ಸ್ಥಾಪಕ ಮಯೂರಶರ್ಮ. ಅವನು ಮಂತ್ರವಾದಿಯಲ್ಲ, ವೇದಾಧ್ಯಯನ ನಿರತನಾದ ವಿದ್ವಾಂಸ. ಶಿವಮೊಗ್ಗ ಜಿಲ್ಲೆಯ ತಾಳಗುಂದದ ಸ್ತಂಭ ಶಾಸನದ ಪ್ರಕಾರ ಅವನು ತಾತ ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದನು. ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ನಡೆದ ಕಲಹದಿಂದ ಅಪಮಾನಿತನಾಗಿ, ದರ್ಭೆಗೆ ಒಗ್ಗಿದ್ದ ಕೈಯಲ್ಲಿ ಖಡ್ಗ ಹಿಡಿದನು. ಅವನ ವಂಶದ ಅರಸರು ‘ಶರ್ಮ’ ಎಂಬುದರ ಬದಲಿಗೆ ‘ವರ್ಮ’ ಎಂಬ ಕ್ಷತ್ರಿಯ ಸೂಚಕವನ್ನು ಧರಿಸಿದರು. ಆಟಗಳ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಎರಡು ವರ್ಗಗಳನ್ನು ಜೊತೆಯಾಗಿ ಬೆಳೆಸಿದ ಕ್ರಮವಲ್ಲ. ಒಂದನ್ನು ನಿಲ್ಲಿಸಿ ಇನ್ನೊಂದಕ್ಕೆ ದಾಟಿದ ಕ್ರಮ.

ಬೆಳಗಾವಿ ನಗರದಿಂದ ಖಾನಾಪುರದ ಮೂಲಕ ತಲುಪಬಹುದಾದ ಹಲಸಿ ಗ್ರಾಮ ಈ ಕದಂಬರ ಎರಡನೆಯ ರಾಜಧಾನಿಯಾಗಿತ್ತು. ಅದರ ಪ್ರಾಚೀನ ಹೆಸರು ಪಲಾಶಿಕಾ. ಅಲ್ಲಿ ದೊರೆತ ತಾಮ್ರಪಟಗಳು ಕದಂಬರ ಚರಿತ್ರೆಗೆ ಮುಖ್ಯ ಆಧಾರಗಳಾಗಿವೆ. ಊರಿನ ಭೂವರಾಹ ನರಸಿಂಹ ದೇವಾಲಯ ನಂತರದ ಗೋವೆಯ ಕದಂಬರ ಕಾಲಕ್ಕೆ ಸೇರಿದ್ದು. ದೇವುಡು ಅವರ ‘ಮಯೂರ’ ಕಾದಂಬರಿ ಮತ್ತು ಅದನ್ನು ಆಧರಿಸಿ 1975ರಲ್ಲಿ ತೆರೆಕಂಡ, ಡಾ. ರಾಜ್‌ಕುಮಾರ್ ಅಭಿನಯದ ಚಲನಚಿತ್ರ ಈ ಕಥೆಯನ್ನು ಮನೆಮನೆಗೆ ತಲುಪಿಸಿದವು.