ಉಪಾಧ್ಯೆ, ಆದಿನಾಥ ನೇಮಿನಾಥ (1906–1975)

ಪ್ರಾಕೃತ, ಸಂಸ್ಕೃತ, ಅಪಭ್ರಂಶ, ಕನ್ನಡಗಳ ವಿದ್ವಾಂಸ, ಗ್ರಂಥಸಂಪಾದಕ, ಅಧ್ಯಾಪಕ. ಹುಟ್ಟಿದ್ದು 1906ರ ಫೆಬ್ರವರಿ 6ರಂದು, ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ. ನಿಪ್ಪಾಣಿಯಿಂದ ರಾಯಬಾಗ, ಅಥಣಿ, ಕಾಗವಾಡದವರೆಗಿನ ಈ ಸೀಮೆಯಲ್ಲಿ ಕನ್ನಡ, ಮರಾಠಿ ಎರಡೂ ಬಾಯಲ್ಲಿ ಓಡಾಡುತ್ತವೆ, ಬಸದಿಗಳಲ್ಲಿ ಪ್ರಾಕೃತದ ಣಮೋಕಾರ ಮಂತ್ರ ಕೇಳಿಸುತ್ತದೆ. 1930ರಿಂದ 1962ರವರೆಗೆ ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಅವರು ಅರ್ಧಮಾಗಧಿ ಪ್ರಾಕೃತ ಕಲಿಸಿದರು.

ಉಪಾಧ್ಯೆಯವರನ್ನು ಹಸ್ತಪ್ರತಿಗಳ ಶುದ್ಧ ಪಾಠ ಕೊಟ್ಟವರೆಂದು ನೆನೆಯುವುದೇ ರೂಢಿ. ಅವರ ಸುದೀರ್ಘ ಪ್ರಸ್ತಾವನೆಗಳಿಗೆ ಅಷ್ಟೇ ತೂಕವಿದೆ. ಕೇಳುಗರನ್ನು ಒಪ್ಪಿಸುವ ಮಾತಿನ ಕಲೆ ಜೈನ ಕಥೆಗಾರರಲ್ಲಿ ಹೇಗೆ ಬೆಳೆಯಿತೆಂಬ ಚರಿತ್ರೆ ಅವುಗಳಲ್ಲಿದೆ. ಹರಿಷೇಣನ ಬೃಹತ್ಕಥಾಕೋಶಕ್ಕೆ (1943) ಬರೆದ ಪ್ರಸ್ತಾವನೆಯಲ್ಲಿ ಆರಾಧನಾ ಕಥೆಗಳ ಪರಂಪರೆಯನ್ನು ಹಿಂಬಾಲಿಸುತ್ತ ನಮ್ಮ ವಡ್ಡಾರಾಧನೆಯವರೆಗೂ ಬರುತ್ತಾರೆ.

ಹರಿಭದ್ರನ ಧೂರ್ತಾಖ್ಯಾನವನ್ನು ಸಂಪಾದಿಸಿದವರು ಜಿನವಿಜಯ ಮುನಿ. ಅದರೊಡನೆ ಅಚ್ಚಾದ ವಿಮರ್ಶಾತ್ಮಕ ಅಧ್ಯಯನ (1944) ಉಪಾಧ್ಯೆಯವರದು. ಉಜ್ಜಯಿನಿಯ ಉದ್ಯಾನದಲ್ಲಿ ಮಳೆಗೆ ಸಿಕ್ಕ ಐವರು ಧೂರ್ತರು ಹಸಿದು ಪಂದ್ಯ ಕಟ್ಟುತ್ತಾರೆ: ಒಬ್ಬರು ಹೇಳಿದ ಕಥೆಯನ್ನು ನಂಬದವರು ಎಲ್ಲರಿಗೂ ಊಟ ಹಾಕಬೇಕು. ಎಂಥ ಸುಳ್ಳಿಗೂ ಪುರಾಣದ ಸಾಕ್ಷಿ ಸಿಗುವುದರಿಂದ ಯಾರೂ ಸೋಲುವುದಿಲ್ಲ. ಕೊನೆಗೆ ಖಂಡಪಾನೆ ಎಂಬ ಹೆಂಗಸಿನ ಸರದಿ. ಓಡಿಹೋದ ನನ್ನ ಆಳುಗಳು ನೀವೇ, ಉಟ್ಟ ಬಟ್ಟೆಯೂ ನನ್ನದೇ ಎನ್ನುತ್ತಾಳೆ. ಒಪ್ಪಿದರೆ ಆಳಾಗಬೇಕು, ಒಪ್ಪದಿದ್ದರೆ ಊಟ ಹಾಕಬೇಕು, ಗಂಡಸರು ಸೋಲೊಪ್ಪುತ್ತಾರೆ. ವಾದದ ಇಕ್ಕಟ್ಟನ್ನು ಇಷ್ಟು ಸೊಗಸಾಗಿ ಕಟ್ಟಿದ ಕಥೆ ಭಾರತೀಯ ಸಾಹಿತ್ಯದಲ್ಲಿ ಅಪರೂಪ.

ಉದ್ದ್ಯೋತನಸೂರಿಯ ಕುವಲಯಮಾಲಾದ (ಕ್ರಿ.ಶ. 779) ಸಂಪಾದನೆ ಉಪಾಧ್ಯೆಯವರ ಬಹುಕಾಲದ ದುಡಿಮೆ. ಮೂಲ 1959ರಲ್ಲಿ ಬಂತು, ಎರಡನೆಯ ಭಾಗ 1970ರಲ್ಲಿ. ಕಥೆಯ ಪ್ರಕಾರಗಳನ್ನು ಕವಿಯೇ ಹೆಸರಿಸಿ, ತನ್ನದು ಸಂಕೀರ್ಣಕಥೆ ಎನ್ನುತ್ತಾನೆ. ಪೇಟೆಯ ಪ್ರಸಂಗದಲ್ಲಿ ನಾನಾ ದೇಶದ ವರ್ತಕರು ತಂತಮ್ಮ ನುಡಿಯಲ್ಲಿ ಮಾತಾಡುತ್ತಾರೆ, ಅವರ ನಡುವೆ ಕರ್ಣಾಟಕದವರೂ ಇದ್ದಾರೆ. ಎರಡು ನುಡಿಗಳ ಗಡಿಯಲ್ಲಿ ಬೆಳೆದ ಸಂಪಾದಕನಿಗೆ ಇದಕ್ಕಿಂತ ಒಪ್ಪುವ ಗ್ರಂಥ ಬೇರೆ ಸಿಗಲಾರದಿತ್ತು.

1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1971ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತದ ಮೊದಲ ಪ್ರಾಧ್ಯಾಪಕರಾಗಿ, ಅರವತ್ತೈದು ದಾಟಿದ ಮೇಲೆ ಮತ್ತೆ ಪಾಠಕ್ಕೆ ನಿಂತರು. ನಿಧನರಾದದ್ದು 1975ರ ಅಕ್ಟೋಬರ್‌ನಲ್ಲಿ.